ಕ್ಲಚ್ ಹಿಡಿದರೆ ಕ್ಲಚ್ ಬಿಡುತ್ತದೆ: ಒಂದು ಪದದ ತಕರಾರು

ಗೆಳೆಯರೇ,

ಒಂದು ಸಣ್ಣ ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬಿಡಿಸಿಕೊಡಿ.

ಗೆಳೆಯನೊಬ್ಬನ ಹತ್ತಿರ ಕೈಯಲ್ಲಿ ಗೇರ್ ಹಾಕುವ ಕಾರಿದೆ. ವಾರವೆಲ್ಲ ಅದು ಓಡಾಟಕ್ಕೆ, ಬಿಡುವಾದಾಗ ಡ್ರ್ಯಾಗ್ ರೇಸಿಗೆ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಪಂದ್ಯ). ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಮೇಲೆ ಹಳೆಯ ಕ್ಲಚ್ ತಡೆಯುತ್ತಿಲ್ಲ. ಎಂಥ ಕ್ಲಚ್ ಹಾಕಿಸಬೇಕು ಅಂತ ಎರಡು ಪುಟ ಕನ್ನಡದಲ್ಲಿ ಬರೆದುಕೊಡು ಎಂದ. ಬರೆದುಕೊಟ್ಟೆ. ಅದರಲ್ಲಿ "ಕ್ಲಚ್ ಹಿಡಿದಾಗ ಪ್ಲೇಟ್ ಜಾರಬಾರದು" ಎಂದು ಒಂದು ಸಾಲಿತ್ತು. ಅವನು ಅಲ್ಲೇ ನಿಂತ. "ಹಿಡಿದಾಗ ಅಂದ್ರೆ ಪೆಡಲ್ ಒತ್ತಿದಾಗ ತಾನೇ? ಒತ್ತಿದಾಗ ಪ್ಲೇಟು ಬಿಡಿಯಾಗಿ ಇರಲೇಬೇಕಲ್ಲ, ಜಾರದೆ ಇನ್ನೇನು ಮಾಡುತ್ತೆ?"

ಅವನು ಹೇಳಿದ್ದು ಸರಿ. ನಾನು ಬರೆದದ್ದೂ ಸರಿ. ತಪ್ಪಿದ್ದು "ಹಿಡಿ"ಯಲ್ಲಿ.

ಬ್ರೇಕನ್ನು ನೋಡಿ. ನಾವು ಬ್ರೇಕ್ ಹಿಡಿದರೆ ಬ್ರೇಕೂ ಹಿಡಿಯುತ್ತದೆ. "ಬ್ರೇಕ್ ಹಿಡಿ" ಅಂದರೂ "ಬ್ರೇಕ್ ಹಿಡಿಯುತ್ತಿಲ್ಲ" ಅಂದರೂ ಗೊಂದಲವಿಲ್ಲ. ಕ್ಲಚ್ ಹಾಗಲ್ಲ. ನಾವು ಕ್ಲಚ್ ಹಿಡಿದರೆ ಕ್ಲಚ್ ಬಿಡುತ್ತದೆ, ನಾವು ಬಿಟ್ಟರೆ ಅದು ಹಿಡಿಯುತ್ತದೆ. ಕಾಲು ಆಚೆ ಇಟ್ಟಾಗ ಒಳಗಿನ ಸ್ಪ್ರಿಂಗು ಪ್ರೆಷರ್ ಪ್ಲೇಟನ್ನು ಒತ್ತಿ, ನಡುವಿನ ಕ್ಲಚ್ ಪ್ಲೇಟನ್ನು ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಅದುಮಿ ಇಟ್ಟಿರುತ್ತದೆ. ಪೆಡಲ್ ಒತ್ತಿದರೆ ಆ ಅದುಮು ಸಡಿಲವಾಗುತ್ತದೆ, ಅಷ್ಟೆ. ಇಂಗ್ಲಿಷಿನಲ್ಲಿ ಕ್ಲಚ್ ಅಂದರೆ ಬಿಗಿಯಾಗಿ ಹಿಡಿ ಎಂದೇ ಅರ್ಥ. ಅಂದರೆ ಹೆಸರು ಬಂದಿರುವುದು ಯಂತ್ರ ಮಾಡುವ ಕೆಲಸದಿಂದ. ನಮ್ಮ "ಕ್ಲಚ್ ಹಿಡಿ" ಬಂದಿರುವುದು ನಮ್ಮ ಕೈ ಮಾಡುವ ಕೆಲಸದಿಂದ. ಬೈಕಿನಲ್ಲಿ ಕ್ಲಚ್ ಇರುವುದು ಕೈಯಲ್ಲೇ ಅಲ್ವಾ? ಅಲ್ಲಿಂದಲೇ ಕಾರಿಗೂ ಹತ್ತಿಕೊಂಡಿರಬೇಕು ಅಂತ ನನ್ನ ಊಹೆ. ಕಾರಿನಲ್ಲಿ "ಒತ್ತು", "ತುಳಿ" ಅನ್ನುವವರೂ ಬೇಕಾದಷ್ಟು ಜನ ಇದ್ದಾರೆ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಇಷ್ಟು. ಚಾಲಕ ಮಾಡುವುದಕ್ಕೆ "ಪೆಡಲ್ ಒತ್ತು", "ಪೆಡಲ್ ಬಿಡು". ಯಂತ್ರ ಮಾಡುವುದಕ್ಕೆ "ಕ್ಲಚ್ ಕಚ್ಚಿಕೊಳ್ಳುತ್ತದೆ", "ಕ್ಲಚ್ ಬಿಟ್ಟುಕೊಳ್ಳುತ್ತದೆ". ಕಚ್ಚಿಕೊಳ್ಳು ನನಗೆ ತುಂಬ ಹಿಡಿಸಿದೆ. (ನೋಡಿ, ಇಲ್ಲೂ ಹಿಡಿ!) ಬಿಟ್ಟುಕೊಳ್ಳು ಮಾತ್ರ ಸ್ವಲ್ಪ ಅನುಮಾನ. ಅಂಟು ಬಿಟ್ಟುಕೊಂಡಿತು, ಹೊಲಿಗೆ ಬಿಟ್ಟುಕೊಂಡಿತು ಅಂದಾಗ ಅದು ಕೆಟ್ಟುಹೋದ ಮಾತು. ಕ್ಲಚ್ ಬಿಟ್ಟುಕೊಳ್ಳುವುದು ಕೆಡುಕಲ್ಲ, ಅದರ ಕೆಲಸ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಎರಡನೆಯ ತೊಡಕು "ಗಟ್ಟಿ ಕ್ಲಚ್". ನಿಜ ಹೇಳಬೇಕೆಂದರೆ ಇದೇ ಜಾಸ್ತಿ ದುಡ್ಡು ಕಳೆಯುವ ಪದ. ಗಟ್ಟಿ ಕ್ಲಚ್ ಬೇಕು ಅಂದವನ ಮನಸ್ಸಿನಲ್ಲಿ ಮೂರು ಬೇರೆ ಬೇರೆ ಸಂಗತಿ ಇರಬಹುದು: ಜಾಸ್ತಿ ಟಾರ್ಕನ್ನು (ಎಂಜಿನ್ ತಿರುಗಿಸುವ ಬಲವನ್ನು) ಜಾರದೆ ತಡೆಯುವ ಕ್ಲಚ್, ಒತ್ತಲು ಕಾಲಿಗೆ ಭಾರವಾದ ಪೆಡಲ್, ಗಕ್ಕನೆ ಕಚ್ಚುವ ಕ್ಲಚ್. ಮೂರೂ ಒಂದೇ ಅಂತ ತಿಳಿದು, ಪೆಡಲ್ ಗಟ್ಟಿಯಾದರೆ ಕ್ಲಚ್ಚೂ ಗಟ್ಟಿ ಅಂದುಕೊಳ್ಳುವವರನ್ನು ನಾನೇ ನೋಡಿದ್ದೇನೆ.

ಲೆಕ್ಕ ಹಾಕಿದರೆ ಇವು ಬೇರೆಯಾಗುತ್ತವೆ. ಕ್ಲಚ್ ತಡೆಯುವ ಟಾರ್ಕ್ ನಾಲ್ಕರ ಗುಣಾಕಾರ: ಒತ್ತುವ ಬಲ, ತಿಕ್ಕಾಟದ ಗುಣಾಂಕ, ತಿಕ್ಕುವ ಪಟ್ಟಿಯ ಸರಾಸರಿ ತ್ರಿಜ್ಯ, ತಿಕ್ಕುವ ಮುಖಗಳ ಸಂಖ್ಯೆ. ಬಲ 8,000 ನ್ಯೂಟನ್, ಗುಣಾಂಕ 0.3, ತ್ರಿಜ್ಯ 11 ಸೆಂಟಿಮೀಟರ್ ಅಂದುಕೊಳ್ಳಿ. ಒಂದು ಪ್ಲೇಟಿಗೆ 2 ಮುಖ. ಆಗ ತಡೆಯುವುದು 528 ನ್ಯೂಟನ್ ಮೀಟರ್. ಅದೇ ಸ್ಪ್ರಿಂಗ್ ಇಟ್ಟುಕೊಂಡು, ಗುಣಾಂಕ 0.4 ಇರುವ ಪ್ಲೇಟ್ ಹಾಕಿದರೆ 704. ಅದೇ ಸ್ಪ್ರಿಂಗು, ಹಳೆಯ ಗುಣಾಂಕ, ಪ್ಲೇಟ್ ಮಾತ್ರ ಎರಡು, ಅಂದರೆ 4 ಮುಖ ಮಾಡಿದರೆ 1,056. ಹಿಡಿತ ಎರಡು ಪಟ್ಟಾಯಿತು, ಕಾಲಿಗೆ ಭಾರ ಹೆಚ್ಚಾಗಲಿಲ್ಲ. ಜೋಡಿ ಪ್ಲೇಟಿನ ಕ್ಲಚ್ಚಿಗೆ ಜನ ಅಷ್ಟೊಂದು ದುಡ್ಡು ಕೊಡುವುದು ಇದಕ್ಕೇ. ಪೆಡಲ್ ಒತ್ತಿದಾಗ ಅದು ಗಲಗಲ ಅನ್ನಬಹುದು, ಆ ಮಾತು ಬೇರೆ.

ಹಾಗಾಗಿ ನನ್ನ ಪುಟಗಳಲ್ಲಿ "ಗಟ್ಟಿ"ಯನ್ನು ಪೂರ್ತಿ ತೆಗೆದುಹಾಕಿದೆ. ತಡೆಯುವ ಟಾರ್ಕಿಗೆ "ತಾಳಿಕೆ", ಪೆಡಲಿಗೆ "ಭಾರ", ಕಚ್ಚುವುದಕ್ಕೆ "ಗಕ್ಕನೆ" ಮತ್ತು "ಮೆತ್ತಗೆ". ತಾಳಿಕೆ ಅಂದರೆ ಬಾಳಿಕೆ ಎಂದು ಯಾರಾದರೂ ಓದಿಕೊಂಡಾರು ಅನ್ನುವ ಅಳುಕಿದೆ. ತಾಳಿಕೆ ಬಾಳಿಕೆ ಜೋಡಿಯಾಗಿಯೇ ಓಡಾಡುವ ಪದಗಳು. ಆದರೆ ಕ್ಲಚ್ಚಿನಲ್ಲಿ ಅವೆರಡೂ ಅಷ್ಟಾಗಿ ಹೊಂದುವುದಿಲ್ಲ, ತಾಳಿಕೆಗೆಂದು ಹಾಕುವ ಗಕ್ಕನೆ ಕಚ್ಚುವ ಪ್ಲೇಟು ಫ್ಲೈವೀಲನ್ನು ಬೇಗ ತೇಯುತ್ತದೆ.

ಪ್ಲೇಟಿನ ವಿಚಾರಕ್ಕೆ ಬಂದರೆ ಒಂದು ಪದ ತಾನಾಗಿಯೇ ಸಿಕ್ಕಿತು. ಮಾಮೂಲಿ ಪ್ಲೇಟಿಗೆ ಸುತ್ತಲೂ ಪೂರ್ತಿ ಪಟ್ಟಿ ಇರುತ್ತದೆ. ರೇಸಿನವರು ಹಾಕುವ ಸೆರಾಮಿಕ್ ಪ್ಲೇಟಿನಲ್ಲಿ 3, 4 ಅಥವಾ 6 ಬಿಡಿ ತುಂಡುಗಳು. ಇವುಗಳಿಗೆ "ಬಿಲ್ಲೆ" ಎಂದೆ. ಆರು ಬಿಲ್ಲೆಯ ಪ್ಲೇಟ್. ಗೆಳೆಯನಿಗೆ ವಿವರಿಸುವುದೇ ಬೇಕಾಗಲಿಲ್ಲ. ಬಿಲ್ಲೆ ಕಡಿಮೆಯಾದರೆ ಹಿಡಿತ ಕಡಿಮೆ ಅಂತ ಅವನು ಲೆಕ್ಕ ಹಾಕಿದ್ದ, ಅದೂ ಸಹಜವೇ. ಆದರೆ ಮೇಲಿನ ಗುಣಾಕಾರದಲ್ಲಿ ಪಟ್ಟಿಯ ವಿಸ್ತೀರ್ಣ ಎಲ್ಲೂ ಬರುವುದಿಲ್ಲ, ಗಮನಿಸಿ. ಬಿಲ್ಲೆ ಕಡಿಮೆಯಾದರೆ ಪ್ಲೇಟ್ ಹಗುರವಾಗುತ್ತದೆ, ಗೇರ್ ಬೇಗ ಬೀಳುತ್ತದೆ. ಬದಲಿಗೆ ಸವೆತ ಹೆಚ್ಚು, ಮೆತ್ತಗೆ ಹೊರಡುವುದು ಕಷ್ಟ. ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ ಮೇಲೆ ನಡೆಸುವವರಿಗೆ ಅದು ಶಿಕ್ಷೆ.

ಆ ಶಿಕ್ಷೆಗೂ ಒಂದು ಹೆಸರು ಬೇಕು. ಹೊರಡುವಾಗ ಪ್ಲೇಟು ಕಚ್ಚಿ, ಜಾರಿ, ಮತ್ತೆ ಕಚ್ಚಿ, ಮತ್ತೆ ಜಾರಿ ಇಡೀ ಕಾರನ್ನು ಗಡಗಡ ಅಲುಗಿಸುತ್ತದೆ. ಇಂಗ್ಲಿಷಿನಲ್ಲಿ ಚಾಟರ್ ಅನ್ನುತ್ತಾರೆ. "ಕಂಪನ" ಬರೆದರೆ ಎಂಜಿನ್ನಿನ ಅದುರು ಅಂತಾಗುತ್ತದೆ. ನಾನು "ನಡುಗುವ ಕ್ಲಚ್" ಎಂದು ಬರೆದಿದ್ದೇನೆ. ಚಳಿಗೆ ಹಲ್ಲು ಕಟಕಟ ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ಕಚ್ಚುವ ಕ್ಲಚ್ಚಿಗೆ ಹಲ್ಲು ಕಟಕಟಿಸುವುದು ಒಪ್ಪುತ್ತದೆ ಅನ್ನಿಸಿತು, ಆದರೆ ಬರೆಯುವ ಧೈರ್ಯ ಬರಲಿಲ್ಲ.

"ಡ್ರ್ಯಾಗ್" ಇನ್ನೊಂದು ತಲೆನೋವು. ಡ್ರ್ಯಾಗ್ ರೇಸ್ ಎಲ್ಲರಿಗೂ ಗೊತ್ತು. ಆದರೆ ಮೆಕ್ಯಾನಿಕ್‌ಗಳ ಮಾತಿನಲ್ಲಿ ಡ್ರ್ಯಾಗ್ ಒಂದು ರೋಗ. ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟು ಬಿಡದೆ ಉಜ್ಜಿಕೊಂಡೇ ತಿರುಗುವುದು. ರಿವರ್ಸ್ ಹಾಕಿದರೆ ಗೇರು ಕರ್ರ್ ಅನ್ನುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. "ಡ್ರ್ಯಾಗ್ ಕಾರಿನ ಕ್ಲಚ್ಚಿನಲ್ಲಿ ಡ್ರ್ಯಾಗ್ ಇರಬಾರದು" ಅಂತ ಬರೆದು ನಾನೇ ನಕ್ಕೆ. ರೋಗಕ್ಕೆ "ಅಂಟು" ಅನ್ನಬಹುದು ಅನ್ನಿಸುತ್ತದೆ. ಕ್ಲಚ್ ಅಂಟುತ್ತಿದೆ. ರೇಸಿಗೆ ಡ್ರ್ಯಾಗ್ ಇರಲಿ.

ಇನ್ನು ಮುಖ್ಯವಾದ ಪ್ರಶ್ನೆ. ಬಹಳ ಹೊತ್ತು ಕೂತಿದ್ದು ಇದರ ಮೇಲೆ.

"ಕ್ಲಚ್ ಸ್ಲಿಪ್ ಆಗ್ತಿದೆ" ಅಂದರೆ ಪ್ಲೇಟ್ ಸವೆದಿದೆ, ಖರ್ಚು ಬಂತು ಅಂತ ಅರ್ಥ. ಕನ್ನಡದ "ಜಾರು" ಕೂಡ ಅಂಥದ್ದೇ. ಕಾಲು ಜಾರಿತು, ಕೈ ಜಾರಿತು, ಬಾಯಿ ಜಾರಿತು, ಯಾವುದೂ ಬೇಕೆಂದು ಆದದ್ದಲ್ಲ. ಆದರೆ ಡ್ರ್ಯಾಗ್ ರೇಸಿನವರು ಕ್ಲಚ್ಚನ್ನು ಬೇಕೆಂದೇ ಜಾರಿಸುತ್ತಾರೆ. ಅಂಟುವಂಥ ಅಗಲ ಟೈರು, ಎಂಜಿನ್ ನಿಮಿಷಕ್ಕೆ 5,000 ಸುತ್ತಿನಲ್ಲಿ, ಪೆಡಲಿನಿಂದ ಕಾಲು ಒಮ್ಮೆಲೇ ತೆಗೆದರೆ, ಗಕ್ಕನೆ ಕಚ್ಚುವ ಕ್ಲಚ್ಚಿನಲ್ಲಿ ಏನೋ ಒಂದು ಸೋಲಲೇಬೇಕು. ಟೈರು ಹಿಡಿತ ಬಿಟ್ಟು ಸುತ್ತುತ್ತದೆ, ಇಲ್ಲವೇ ಎಂಜಿನ್ ಮುಗ್ಗರಿಸುತ್ತದೆ, ಇಲ್ಲವೇ ಗೇರ್‌ಬಾಕ್ಸೋ ಆ್ಯಕ್ಸಲ್ಲೋ ಮುರಿಯುತ್ತದೆ. ಆ ಪೆಟ್ಟನ್ನು ಕ್ಲಚ್ಚೇ ಜಾರಿ ತಿನ್ನಲಿ ಅಂತ ಮಾಡಿರುವುದು ಸ್ಲಿಪ್ಪರ್ ಕ್ಲಚ್. ಹೊರಡುವ ಹೊತ್ತಿಗೆ ಸ್ಪ್ರಿಂಗಿನ ಒತ್ತಡ ಬೇಕೆಂದೇ ಕಡಿಮೆ. ಎಂಜಿನ್ ಸುತ್ತು ಏರಿದಂತೆ ಕ್ಲಚ್ಚಿನೊಳಗಿನ ಸನ್ನೆಗಳ ("ಬೆರಳು" ಅನ್ನುತ್ತಾರೆ) ತುದಿಗೆ ಕಟ್ಟಿದ ತೂಕ ಹೊರಕ್ಕೆ ಎಳೆಯುತ್ತದೆ, ಒತ್ತಡ ಕೂಡುತ್ತದೆ. ಈ ಎಳೆತ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ 3,500ರಲ್ಲಿ ಇದ್ದದ್ದು 7,000ಕ್ಕೆ ನಾಲ್ಕು ಪಟ್ಟು. ಮೊದಲು ಜಾರಿಸಿ, ಆಮೇಲೆ ಕಚ್ಚಿಸುವ ಕ್ಲಚ್.

"ಜಾರಿಕ್ಲಚ್" ಅಂದರೆ ಸರ್ಕಾರದ ಆದೇಶದ ಹಾಗೆ ಕೇಳುತ್ತದೆ. "ಜಾರುಬಂಡೆ"ಯ ಜಾಡಿನಲ್ಲಿ "ಜಾರುಕ್ಲಚ್" ಚೆನ್ನಾಗಿದೆ. ಆದರೆ ಬೈಕಿನವರು ಸ್ಲಿಪ್ಪರ್ ಕ್ಲಚ್ ಅನ್ನುವುದು ಬೇರೆಯದನ್ನು. ವೇಗದಲ್ಲಿ ಗೇರ್ ಇಳಿಸಿದಾಗ ಹಿಂದಿನ ಚಕ್ರ ಎಂಜಿನ್ನನ್ನು ತಿರುಗಿಸಲು ನೋಡುತ್ತದೆ, ಚಕ್ರ ಎಗರಾಡುತ್ತದೆ. ಆಗ ಜಾರುವ ಕ್ಲಚ್ ಅದು. ಕಾರಿನದು ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ಪೆಟ್ಟಿಗೆ ಜಾರುತ್ತದೆ, ಬೈಕಿನದು ಚಕ್ರದಿಂದ ಎಂಜಿನ್ನಿಗೆ ಬರುವ ಪೆಟ್ಟಿಗೆ. ಹೆಸರು ಒಂದೇ, ದಿಕ್ಕು ತಿರುಗಾಮುರುಗಾ. ಗೆಳೆಯ ಬೈಕನ್ನೂ ಓಡಿಸುವವನು, ಜಾರುಕ್ಲಚ್ ಅಂದರೆ ಮೊದಲು ನೆನೆಯುವುದು ಅದನ್ನೇ.

ಅವನ ಕಾರಿಗೆ ಕೊನೆಗೆ ನಾನು ಬರೆದದ್ದು ಸ್ಲಿಪ್ಪರ್ ಅಲ್ಲ, ಜೋಡಿ ಪ್ಲೇಟಿನ ಮೆತ್ತನೆಯ ಕ್ಲಚ್. ರಸ್ತೆಯಲ್ಲೇ ಜಾಸ್ತಿ ಓಡುವ ಕಾರಿಗೆ ಅದೇ ಸರಿ ಅಂತ ನನ್ನ ಲೆಕ್ಕ. ಬೀಡು ಕಬ್ಬಿಣದ ಹಳೆಯ ಫ್ಲೈವೀಲು ಹೆಚ್ಚಿನ ಸುತ್ತಿನಲ್ಲಿ ಸಿಡಿಯಬಲ್ಲದು, ಎಸ್‌ಎಫ್‌ಐ 1.1 (ರೇಸಿನ ಬಿಡಿಭಾಗಗಳ ಸುರಕ್ಷತೆಯ ಮಾನದಂಡ) ಗುರುತಿರುವ ಉಕ್ಕಿನದ್ದು ಹಾಕಿಸು ಎಂದೂ ಸೇರಿಸಿದೆ. ಹೊಸ ಕ್ಲಚ್ಚನ್ನು ಮೊದಲ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್, ರೇಸಿಗೆ ಇಳಿಸದೆ ಊರೊಳಗೇ ಓಡಿಸಿ "ಪಳಗಿಸು" ಎಂದೆ. ಆ ಒಂದು ಪದಕ್ಕೆ ಅವನು ಪ್ರಶ್ನೆಯನ್ನೇ ಕೇಳಲಿಲ್ಲ.

ಈಗ ನಿಮ್ಮನ್ನು ಕೇಳುವುದು ಎರಡೇ. ನಿಮ್ಮ ಕಡೆ ಗ್ಯಾರೇಜಿನಲ್ಲಿ "ಕ್ಲಚ್ ಹಿಡಿದಿದೆ" ಅಂದರೆ ಯಾವ ಅರ್ಥ: ಕಚ್ಚಿದೆ ಅಂತಲೋ, ಬಿಡದೆ ಅಂಟಿಕೊಂಡಿದೆ ಅಂತಲೋ? ಮತ್ತೆ, ಬೇಕೆಂದು ಜಾರುವುದಕ್ಕೂ ಕೆಟ್ಟು ಜಾರುವುದಕ್ಕೂ ಬೇರೆ ಬೇರೆ ಮಾತು ಬಳಸುವವರನ್ನು ಯಾರಾದರೂ ಕೇಳಿದ್ದೀರಾ?