ಅಮ್ಮನ ಲೆಕ್ಕದ ಕುಲಾವಿ ಇಷ್ಟು ದೊಡ್ಡದಾಯಿತೇಕೆ? ಕೂಸು ಹುಟ್ಟುವ ಮುಂಚೆ ಹೆಣೆಯಬಹುದಾ?

ಪ್ರಶ್ನೆ: ಹಾಸನದ ಹುಡುಗಿ, ಬಾಸ್ಟನ್ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಾವು ಬಾಸ್ಟನ್‌ನಿಂದ ಒಂದು ಗಂಟೆ ದೂರದ ಊರಲ್ಲಿದ್ದೇವೆ. ಮಗಳಿಗೆ ಐದು ವರ್ಷ, ಈ ಸೆಪ್ಟೆಂಬರ್‌ನಲ್ಲಿ ಕಿಂಡರ್‌ಗಾರ್ಟನ್ ಸೇರಿದಳು. ಮಗನಿಗೆ ಎರಡು ವರ್ಷ ತುಂಬಿ ಮೂರು ತಿಂಗಳು. ನಾನು ಉಲ್ಲನ್ ಹೆಣಿಗೆ ಕಲಿತು ಇದು ಎರಡನೇ ವರ್ಷ.

ನನ್ನ ತಮ್ಮನ ಹೆಂಡತಿಗೆ ಡಿಸೆಂಬರ್ ಮಧ್ಯದಲ್ಲಿ ಡೇಟ್ ಕೊಟ್ಟಿದ್ದಾರೆ. ಚೊಚ್ಚಲು. ತುಮಕೂರಿನ ತವರಲ್ಲಿ ಬಾಣಂತನ. ನಾನು ಸೋದರತ್ತೆ ಆಗುತ್ತಿರುವುದು ಇದೇ ಮೊದಲು. ತೊಟ್ಟಿಲಿಗೆ ಹಾಕುವ ದಿನ ನಾನು ಅಲ್ಲಿರುವುದಿಲ್ಲ, ಆದರೆ ನನ್ನ ಕೈಯಲ್ಲಿ ಹೆಣೆದ ಒಂದು ಕುಲಾವಿಯಾದರೂ ಆ ಕೂಸಿನ ತಲೆ ಮೇಲೆ ಇರಬೇಕು ಅಂತ ಆಸೆ.

ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅಮ್ಮನೇ ಕುಲಾವಿ ಹಾಕುತ್ತಿದ್ದರು. ಈಗ ಅವರಿಗೆ ಬೆರಳಿನ ಗಂಟುಗಳಲ್ಲಿ ನೋವು. ಕಡ್ಡಿ ಹಿಡಿದು ಎರಡು ಸಾಲು ಹಾಕಿದರೆ ರಾತ್ರಿ ಕೈ ಊದುತ್ತದೆ. ಅದಕ್ಕೇ ಫೋನ್‌ನಲ್ಲಿ ಅವರ ಲೆಕ್ಕ ಕೇಳಿ ಬರೆದುಕೊಂಡೆ. "10ನೇ ನಂಬರ್ ಕಡ್ಡಿ, 96 ಸ್ಟಿಚ್, ಎರಡು ಸೀದಾ ಎರಡು ಉಲ್ಟಾ ನಾಲ್ಕು ಬೆರಳು, ಆಮೇಲೆ ಬರೀ ಸೀದಾ. ನೆತ್ತಿಗೆ ಬಂದಾಗ ಎಂಟು ಭಾಗ ಮಾಡಿ ಕಮ್ಮಿ ಮಾಡ್ತಾ ಹೋಗು." ಇಷ್ಟೇ. ಇಲ್ಲಿ 10ನೇ ನಂಬರ್ ಕಡ್ಡಿ ತಂದೆ. ಆ ಕಡ್ಡಿಗೆ ಹೊಂದುವ ಉಲ್ಲನ್ ಅಂತ ಅಂಗಡಿಯಲ್ಲಿ ದಪ್ಪನೆಯದನ್ನು ಕೊಟ್ಟರು. ಆರು ರಾತ್ರಿ ಕೂತು ಮುಗಿಸಿದೆ. ನಮ್ಮ ಯಜಮಾನರ ತಲೆಗೆ ಹಾಕಿದರೆ ಕಣ್ಣಿನವರೆಗೂ ಇಳಿಯಿತು. ಒಂದೊಂದು ಸ್ಟಿಚ್ಚನ್ನೂ ಮೂರು ಸಲ ಎಣಿಸಿದ್ದೆ. ಅಮ್ಮನಿಗೆ ಹೇಳೋಕೆ ಮನಸ್ಸು ಬರಲಿಲ್ಲ. ಅವರು ಲೆಕ್ಕ ಮರೆತಿದ್ದಾರೇನೋ ಅಂತ ಒಂದು ಭಯ ಒಳಗೇ ಇದೆ.

ಎರಡನೇ ಪ್ರಶ್ನೆ. ನಮ್ಮ ಅತ್ತೆಯವರು ಶಿವಮೊಗ್ಗದಿಂದ ಫೋನ್ ಮಾಡಿದಾಗ ಹೇಳಿದರು: "ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಗಾದೆ ಸುಮ್ನೆ ಮಾಡಿಲ್ಲಮ್ಮ. ಮೊದಲು ಹೆತ್ತು ಎದ್ದೇಳಲಿ." ಬೇಜಾರಿನಿಂದ ಹೇಳಿದ್ದಲ್ಲ, ಕಾಳಜಿಯಿಂದಲೇ ಹೇಳಿದರು. ಆದರೆ ನವೆಂಬರ್ ಕೊನೆಗೆ ಪರಿಚಯದವರೊಬ್ಬರು ಬೆಂಗಳೂರಿಗೆ ಹೋಗುತ್ತಿದ್ದಾರೆ. ಅವರ ಕೈಲಿ ಕಳಿಸದಿದ್ದರೆ ಮತ್ತೆ ಯಾವಾಗ ಅನುಕೂಲ ಆಗುತ್ತದೋ. ಈಗ ಹೆಣೆಯುವುದು ತಪ್ಪಾ?

ಮೂರನೆಯದು ಸಮಯ. ಅಪ್ಪನಿಗೆ ಮಫ್ಲರ್, ಅತ್ತೆಗೆ ಒಂದು ಶಾಲು, ಮಗಳ ಟೀಚರ್‌ಗೆ ಕೈಗವಸು, ಇವೆಲ್ಲ ಸಾಲಾಗಿ ಕಾದಿವೆ. ಹಗಲಲ್ಲಿ ಕಡ್ಡಿ ಮುಟ್ಟೋಕೆ ಆಗಲ್ಲ. ದಸರಾ ಗೊಂಬೆ ಕೂರಿಸಿದ್ದಾಗ ಮಗ ಒಂದು ಇಡೀ ಉಂಡೆ ಬಿಚ್ಚಿ ಊಟದ ಟೇಬಲ್ಲಿನ ನಾಲ್ಕು ಕಾಲಿಗೂ ಸುತ್ತಿಬಿಟ್ಟ. ಮಗಳು ನನ್ನ ಸ್ಯಾಂಪಲ್ ತುಂಡು ತೆಗೆದುಕೊಂಡು ಹೋಗಿ ಪಟ್ಟದ ಗೊಂಬೆಗೆ ಹೊದಿಸಿದ್ದಳು, "ರಾಣಿಗೆ ಚಳಿ ಆಗ್ತಿದೆ ಅಮ್ಮ" ಅಂತ. ಇಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಆಮೇಲೆ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ, ಮಕ್ಕಳು ಅಲ್ಲಿಂದ ಮನೆಯೊಳಗೇ. ಚಿಕ್ಕ ಮಕ್ಕಳಿರುವವರು ಹೇಗೆ ಹೆಣೆಯುತ್ತೀರಿ, ದಯವಿಟ್ಟು ಹೇಳಿ.

ಉತ್ತರ: ಮೈಸೂರಿನ ನಿವೃತ್ತ ಟೀಚರ್

ತಂಗಿ, ಮೊದಲು ಆ ಭಯ ಬಿಡು. ನಿಮ್ಮಮ್ಮ ಏನನ್ನೂ ಮರೆತಿಲ್ಲ. ಲೆಕ್ಕ ನೂರಕ್ಕೆ ನೂರು ಸರಿ ಇದೆ. ತಪ್ಪಾಗಿರುವುದು ಕಡ್ಡಿಯ ನಂಬರ್ ಒಂದೇ.

ನಮ್ಮಲ್ಲಿ ಕಡ್ಡಿಗೆ ಇರುವುದು ಹಳೇ ಬ್ರಿಟಿಷ್ ನಂಬರ್. ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ಪೂರ್ತಿ ಉಲ್ಟಾ. ನಂಬರ್ ಏರಿದ ಹಾಗೆ ಕಡ್ಡಿ ದಪ್ಪ. ನಮ್ಮ 10 ಅಂದರೆ 3.25 ಮಿಲಿಮೀಟರ್. ಅಲ್ಲಿಯ 10 ಅಂದರೆ 6 ಮಿಲಿಮೀಟರ್, ಹತ್ತಿರ ಹತ್ತಿರ ಎರಡರಷ್ಟು. ನಿಮಗೆ ಬೇಕಾಗಿರುವುದು ಅಮೆರಿಕದ 3ನೇ ನಂಬರ್. ಮುಂದೆ ಅಮ್ಮ 8 ಅಂದರೆ 4 ಮಿಲಿಮೀಟರ್ ಅಂತ ತಿಳ್ಕೋ, ಅಲ್ಲಿ ಅದು 6. ಅಮ್ಮ 12 ಅಂದರೆ 2.75, ಅಲ್ಲಿ ಅದು 2. ಇನ್ನು ಮೇಲೆ ನಂಬರ್ ಬಿಟ್ಟು ಮಿಲಿಮೀಟರ್ ಲೆಕ್ಕದಲ್ಲೇ ಮಾತಾಡಿ. ಅದು ಎಲ್ಲ ದೇಶಕ್ಕೂ ಒಂದೇ.

ಉಲ್ಲನ್ ಕೂಡ ಅಷ್ಟೇ. ಅಮ್ಮನ ಲೆಕ್ಕ ನಾಲ್ಕು ಎಳೆಯ ಬೇಬಿ ಉಲ್ಲನ್‌ಗೆ ಇರಬೇಕು. ನಿಮ್ಮಲ್ಲಿ ಅದನ್ನು ಫಿಂಗರಿಂಗ್ ಅಂತಾರೆ. ಅದು 3.25ರ ಕಡ್ಡಿಯಲ್ಲಿ 10 ಸೆಂಟಿಮೀಟರ್‌ಗೆ ಸುಮಾರು 28 ಸ್ಟಿಚ್ ಬರುತ್ತದೆ. 96 ಸ್ಟಿಚ್ ಅಂದರೆ 34 ಸೆಂಟಿಮೀಟರ್. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35. ಹೆಣಿಗೆ ಎಳೆದರೆ ಬರುತ್ತದಲ್ಲ, ಅದಕ್ಕೆ ಒಂದು ಸೆಂಟಿಮೀಟರ್ ಕಮ್ಮಿ ಇಟ್ಟಿದ್ದಾರೆ. ನೀವು ಹಾಕಿದ ದಪ್ಪ ಉಲ್ಲನ್ 10 ಸೆಂಟಿಮೀಟರ್‌ಗೆ 15 ಸ್ಟಿಚ್ ಬಂದಿರುತ್ತದೆ. ಭಾಗಿಸಿ ನೋಡಿ, 64 ಸೆಂಟಿಮೀಟರ್. ಯಜಮಾನರ ಕಣ್ಣು ಮುಚ್ಚಿದ್ದು ಅದಕ್ಕೇ.

ಒಂದು ಕೇಳುತ್ತೇನೆ. ನಿಮ್ಮ ಮಕ್ಕಳಿಗೆ ಅಮ್ಮ ಹಾಕಿದ ಹಳೇ ಕುಲಾವಿ ಏನಾದರೂ ಉಳಿದಿದೆಯಾ? ಇದ್ದರೆ ಬೆಳಕಿಗೆ ಹಿಡಿದು ಅಂಚಿನ ಸ್ಟಿಚ್ ಎಣಿಸಿ. ಹೆಣೆದವರ ಕೈ ಬಿಗಿಯೋ ಸಡಿಲವೋ ಅಂತ ಹೇಳಿ ಬರೆಸೋಕೆ ಆಗಲ್ಲ, ಅದು ಬಟ್ಟೆಯಲ್ಲೇ ಸಿಗಬೇಕು.

ಉತ್ತರ: ನ್ಯೂಜೆರ್ಸಿಯ ನರ್ಸಮ್ಮ

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ, ನನಗೂ ಎರಡು ಮಕ್ಕಳು. ಉಡುಗೊರೆ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು.

ಕುಲಾವಿಗೆ ಗದ್ದದ ಕೆಳಗೆ ಕಟ್ಟೋಕೆ ಉದ್ದ ದಾರ ಬಿಡಬೇಡಿ. ನಮ್ಮ ಅಜ್ಜಿಯರು ಬಿಡುತ್ತಿದ್ದರು ನಿಜ, ಆದರೆ ಆಗ ಕೂಸಿನ ಪಕ್ಕ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಕಿವಿ ಮುಚ್ಚುವ ಹಾಗೆ ಎರಡು ಪಟ್ಟಿ ಇಳಿಬಿಟ್ಟರೆ ಸಾಕು. ಗುಂಡಿ, ಮಣಿ, ಕುಚ್ಚು ಯಾವುದೂ ಬೇಡ. ಮನೆಯೊಳಗೆ ಮಲಗಿಸುವಾಗ ತಲೆಗೆ ಏನೂ ಇರಬಾರದು ಅಂತ ಇಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಮಕ್ಕಳ ಮೈ ಬಿಸಿ ಬಹಳಷ್ಟು ತಲೆಯಿಂದ ಹೊರಗೆ ಹೋಗುತ್ತದೆ. ಒಂದು ವರ್ಷದವರೆಗೆ ತೊಟ್ಟಿಲಲ್ಲಿ ಸಡಿಲ ಹೊದಿಕೆಯೂ ಬೇಡ. ಕುಲಾವಿ ಹೊರಗೆ ಕರೆದುಕೊಂಡು ಹೋಗುವಾಗ, ಎಚ್ಚರ ಇರುವಾಗ ಹಾಕಲಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಉಡುಗೊರೆ ಜೊತೆ ಇಡಿ, ಬಾಣಂತಿಗೆ ಉಪಯೋಗ ಆಗುತ್ತದೆ.

ಇನ್ನು ಸಮಯ. ನಾನು ದೊಡ್ಡ ಕೆಲಸ ಒಂದು, ಚಿಕ್ಕ ಕೆಲಸ ಒಂದು ಅಂತ ಎರಡು ಚೀಲ ಇಟ್ಟುಕೊಂಡಿದ್ದೇನೆ. ಶಾಲು ರಾತ್ರಿಗೆ. ಮಫ್ಲರ್ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ಎತ್ತರದಲ್ಲಿ ನೇತಾಡುತ್ತಿರುತ್ತದೆ. ಸ್ಕೂಲ್ ಬಸ್ಸಿಗೆ ಕಾಯುವಾಗ ಎರಡು ಸಾಲು, ಮಕ್ಕಳು ಪಾರ್ಕಿನಲ್ಲಿ ಎಲೆ ಗುಡ್ಡೆ ಹಾಕಿ ಹಾರುತ್ತಿರುವಾಗ ನಾಲ್ಕು ಸಾಲು. ಹೀಗೇ ಹೋದ ವರ್ಷ ಒಂದು ಮಫ್ಲರ್ ಪೂರ್ತಿ ಬಸ್ ಸ್ಟಾಪಲ್ಲೇ ಮುಗಿಯಿತು. ಎರಡು ವರ್ಷದವನ ಮುಂದೆ ಮಾತ್ರ ಕಡ್ಡಿ ತೆಗೆಯಲೇಬೇಡಿ, ಚೂಪಾದ ವಸ್ತು.

ಮಗಳಿಗೆ ಬೆರಳಲ್ಲೇ ಹೆಣೆಯೋದು ಕಲಿಸಿ. ಎಡಗೈಯ ನಾಲ್ಕು ಬೆರಳಿಗೆ ಉಲ್ಲನ್ ಹಿಂದೆ ಮುಂದೆ ಸುತ್ತಿ, ಕೆಳಗಿನ ಎಳೆಯನ್ನು ಎತ್ತಿ ಬೆರಳು ದಾಟಿಸಬೇಕು. ಐದು ವರ್ಷಕ್ಕೆ ಬರುತ್ತದೆ. ನನ್ನ ಮಗಳು ಒಂದು ಮಧ್ಯಾಹ್ನಕ್ಕೆ ಒಂದು ಮಾರು ಹಗ್ಗ ಮಾಡಿದ್ದಳು. ಆ ದಪ್ಪ ಟೋಪಿ ಬಿಚ್ಚಿದ ಉಲ್ಲನ್ ಇದಕ್ಕೆ ಸರಿಯಾಗಿ ಆಗುತ್ತದೆ.

ಉತ್ತರ: ಚಿತ್ರದುರ್ಗದ ಕಡೆಯವರು

ಅಕ್ಕ, ನಾವು ಕಂಬಳಿ ನೇಯುವ ಮನೆಯವರು. ನಮ್ಮ ತಾತ ಗುಂಡಿ ಮಗ್ಗದಲ್ಲಿ ಕೂತು ಕರಿ ಕಂಬಳಿ ನೇಯುತ್ತಿದ್ದರು, ಅಜ್ಜಿ ಹುಣಸೆ ಬೀಜದ ಗಂಜಿ ಕಾಯಿಸಿ ಎಳೆಗೆ ಹಚ್ಚಿ ಕೊಡುತ್ತಿದ್ದರು. ನಮ್ಮ ಕಡೆಯ ಕುರಿಯ ಉಣ್ಣೆ ಒರಟು. ಮಳೆ ತಡೆಯುತ್ತದೆ, ಆದರೆ ಕೂಸಿನ ಮೈಗೆ ಚುಚ್ಚುತ್ತದೆ. ನಮ್ಮಲ್ಲೂ ಕೂಸಿಗೆ ಹಳೇ ಹತ್ತಿ ಸೀರೆಯೇ ಮೊದಲು. ಅಜ್ಜಿಯ ಸೀರೆ ತೊಳೆದು ತೊಳೆದು ಮೆತ್ತಗಾಗಿರುತ್ತದಲ್ಲ, ಅದು.

ಉಲ್ಲನ್ ಯಾವುದು ಅಂತ ನೀವು ಬರೆದಿಲ್ಲ. ಅಕ್ರಿಲಿಕ್, ಅಂದರೆ ಕೃತಕ ಎಳೆಯದು, ಆದರೆ ಬೇಡ ಅನ್ನುತ್ತೇನೆ. ತುಮಕೂರಲ್ಲಿ ಕೂಸಿಗೆ ಎಣ್ಣೆ ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಕೊಡೋರು ಇನ್ನೂ ಇದ್ದಾರೆ. ಕೆಂಡದ ಒಂದು ಕಿಡಿ ಅಕ್ರಿಲಿಕ್ ಮೇಲೆ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಕರಗಲ್ಲ, ಕರಟಿ ಅಲ್ಲೇ ನಿಲ್ಲುತ್ತದೆ. ಮೆಷಿನ್ನಿಗೆ ಹಾಕಬಹುದಾದ ಮೆರಿನೋ ಅಂತ ಮೆತ್ತನೆಯ ಕುರಿ ಉಣ್ಣೆ ಸಿಗುತ್ತದಲ್ಲ, ಅದು ಒಳ್ಳೆಯದು. ಬಾಣಂತಿ ಮನೆಯಲ್ಲಿ ಕೈಯಲ್ಲಿ ಒಗೆಯೋಕೆ ಯಾರಿಗೂ ಪುರುಸೊತ್ತಿರಲ್ಲ.

ಗಾದೆ ವಿಷಯ. ನಾನು ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲ್ಲ. ನಮ್ಮ ಚಿಕ್ಕಮ್ಮ ಒಮ್ಮೆ ಎಲ್ಲ ತಯಾರಿ ಮಾಡಿಟ್ಟುಕೊಂಡಿದ್ದರು. ಕೂಸು ಉಳಿಯಲಿಲ್ಲ. ಆ ಪುಟ್ಟ ಬಟ್ಟೆಗಳನ್ನು ಮಡಿಸಿ ಟ್ರಂಕಿಗೆ ಹಾಕಿದ್ದು ನಮ್ಮಮ್ಮ. ಅವರು ಆವತ್ತಿನಿಂದ ಯಾರಿಗೂ ಮುಂಚೆ ಏನೂ ಕೊಟ್ಟಿಲ್ಲ. ದೊಡ್ಡವರು ಬೇಡ ಅಂದಾಗ ಇಂಥದ್ದೊಂದು ನೆನಪು ಇರಬಹುದು. ನಿಮ್ಮತ್ತೆಗೆ ಏನಿದೆಯೋ, ಸಮಯ ನೋಡಿ ಒಂದು ಸಲ ಕೇಳಿ.

ತೊಟ್ಟಿಲು ಶಾಸ್ತ್ರ ಕೆಲವರ ಮನೆಯಲ್ಲಿ ಹನ್ನೊಂದನೇ ದಿನ, ಕೆಲವರಲ್ಲಿ ಮೂರನೇ ತಿಂಗಳು. ಅವರಲ್ಲಿ ಹೇಗೆ ಅಂತ ಮೊದಲು ತಿಳಿದುಕೊಳ್ಳಿ. ಮೂರನೇ ತಿಂಗಳಾದರೆ ನಿಮಗೆ ಬೇಕಾದಷ್ಟು ಟೈಮಿದೆ. ಕೂಸಿನ ತಲೆ ಅಷ್ಟರಲ್ಲಿ 40 ಸೆಂಟಿಮೀಟರ್ ಹತ್ತಿರ ಬಂದಿರುತ್ತದೆ, ಸ್ಟಿಚ್ ಜಾಸ್ತಿ ಹಾಕಬೇಕಾಗುತ್ತದೆ.

ಉತ್ತರ: ಮಡಿಕೇರಿಯ ಚಳಿ

ಟೀಚರ್‌ಗೆ ಕೈಗವಸು ಬಿಟ್ಟುಬಿಡಿ, ಹೆಬ್ಬೆರಳಿನ ಕೆಲಸ ಹೊತ್ತು ತಿನ್ನುತ್ತದೆ. ಬೆರಳಿಲ್ಲದ ಮಣಿಕಟ್ಟಿನ ಗವಸು ಹಾಕಿ. ಚೌಕ ಹೆಣೆದು, ಹೆಬ್ಬೆರಳಿಗೆ ಜಾಗ ಬಿಟ್ಟು ಪಕ್ಕ ಹೊಲಿದರೆ ಆಯಿತು. ಒಂದು ಕೈಗೆ ಒಂದು ಸಂಜೆ.

ಪ್ರಶ್ನೆ ಕೇಳಿದವರು ಮತ್ತೆ:

ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ. ಟೀಚರ್, ನಿಮ್ಮ ಉತ್ತರ ಓದಿ ಕಣ್ಣು ತುಂಬಿ ಬಂತು. ತಕ್ಷಣ ಅಮ್ಮನಿಗೆ ಫೋನ್ ಮಾಡಿ ನಡೆದಿದ್ದೆಲ್ಲ ಹೇಳಿದೆ. "6 ಮಿಲಿಮೀಟರಾ? ಅದು ಕಡ್ಡಿ ಅಲ್ಲ ಕಣೇ, ಲಟ್ಟಣಿಗೆ" ಅಂತ ಜೋರಾಗಿ ನಕ್ಕರು. ಅವರು ಹಾಗೆ ನಕ್ಕು ಬಹಳ ದಿನ ಆಗಿತ್ತು.

ಮಗನ ಕುಲಾವಿ ಇತ್ತು. ಚಿಕ್ಕದಾದ ಬಟ್ಟೆಗಳ ಡಬ್ಬದಲ್ಲಿ, ತಳದಲ್ಲಿ. ತಿಳಿ ಹಸಿರು, ಒಗೆದು ಒಗೆದು ಮಾಸಿದೆ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ದೀಪದ ಕೆಳಗೆ ಕೂತು, ಗುಂಡುಪಿನ್ನು ಚುಚ್ಚಿಕೊಂಡು ಅಂಚು ಎಣಿಸಿದೆ. 104 ಬಂತು. ಮತ್ತೆ ಎಣಿಸಿದೆ, 104. ನೆತ್ತಿಯ ಹತ್ತಿರ ಕೊನೆಯ ನಾಲ್ಕು ಸುತ್ತು ಬೇರೆ ಹಸಿರು, ಒಂದು ಚೂರು ಗಾಢ. ಒಳಗೆ ತಿರುಗಿಸಿದರೆ ಎರಡು ಎಳೆ ಸೇರಿಸಿದ ಗಂಟು, ಅಕ್ಕಿಕಾಳಿನಷ್ಟು. ಎರಡು ವರ್ಷದಿಂದ ಈ ಕುಲಾವಿ ಮಡಿಸಿ ಇಡುತ್ತಿದ್ದೇನೆ, ಇದನ್ನು ನೋಡಿಯೇ ಇರಲಿಲ್ಲ.

ಮಾರನೇ ದಿನ ಕೇಳಿದೆ, ನನಗೆ 96 ಅಂದೆ, ಇವನದು 104 ಇದೆಯಲ್ಲಮ್ಮ ಅಂತ. ಅಮ್ಮ ಹೇಳಿದರು, "ಅವನು ಹುಟ್ಟಿದ ಮೇಲೆ ನೀನು ಫೋಟೋ ಕಳಿಸಿದೆಯಲ್ಲ, ತಲೆ ಗುಂಡಗೆ ದೊಡ್ಡದಾಗಿ ಕಾಣಿಸ್ತು. ನಾನು ಅಲ್ಲಿಗೆ ಬರೋ ಹೊತ್ತಿಗೆ ಎರಡು ತಿಂಗಳಾಗಿರ್ತಾನೆ ಅಂತ ಎಂಟು ಜಾಸ್ತಿ ಹಾಕಿದೆ. ಉಲ್ಲನ್ ಸಾಲಲಿಲ್ಲ. ಅದೇ ಹಸಿರು ಅಂಗಡಿಯಲ್ಲಿ ಮುಗಿದುಹೋಗಿತ್ತು." ಅಂದರೆ ಹುಟ್ಟಿದ ಮೇಲೆ ಹಾಕಿದ್ದಾ ಅಂದೆ. "ಮತ್ತೆ? ಮುಖ ನೋಡದೆ ಯಾರಿಗೆ ಅಂತ ಹಾಕ್ಲಿ?"

ಹಾಗಾಗಿ ನನ್ನ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ನವೆಂಬರ್‌ನಲ್ಲಿ ಹೋಗುವವರ ಕೈಲಿ ಅಪ್ಪನ ಮಫ್ಲರ್, ಅತ್ತೆಯ ಶಾಲು, ಅಷ್ಟೇ ಕಳಿಸುತ್ತೇನೆ. ಜೊತೆಗೆ ಬಸುರಿಗೆ ಒಂದು ಜೊತೆ ಕಾಲುಚೀಲ. ಅವಳಿಗೆ ಈಗ ಯಾರೂ ಏನೂ ಹೆಣೆದಿಲ್ಲ, ಎಲ್ಲರ ಗಮನವೂ ಕೂಸಿನ ಮೇಲೆ. ತಮ್ಮನ ಹತ್ತಿರ ಕೇಳಿದೆ, ತೊಟ್ಟಿಲು ಶಾಸ್ತ್ರ ಮೂರನೇ ತಿಂಗಳೇ ಅಂತೆ. ಸುದ್ದಿ ಬಂದ ರಾತ್ರಿ 104 ಸ್ಟಿಚ್ ಹಾಕಿ ಶುರು ಮಾಡುತ್ತೇನೆ. ದಾರ ಇಲ್ಲದೆ, ಕಿವಿಗೆ ಪಟ್ಟಿ ಬಿಟ್ಟು. ಅಂಚೆಯಲ್ಲಿ ಕಳಿಸಿದರೂ ಸಮಯಕ್ಕೆ ತಲುಪುತ್ತದೆ.

ಅತ್ತೆಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದಾಯ್ತು" ಅಂದರು. ಏನು ನೆನಪಿದೆ ಅಂತ ಕೇಳಲಿಲ್ಲ. ಜನವರಿಯಲ್ಲಿ ಅವರೇ ಇಲ್ಲಿಗೆ ಬರುತ್ತಾರೆ, ಆಗ ಪಕ್ಕದಲ್ಲಿ ಕೂತು ಕೇಳುತ್ತೇನೆ.

ದೊಡ್ಡ ಟೋಪಿ ಬಿಚ್ಚಿಯಾಯಿತು. ಮಗಳು ಉಲ್ಲನ್ ಹಿಡಿದು ಮನೆ ತುಂಬಾ ಓಡಿದಳು, ಹಿಂದೆ ತಮ್ಮ. ಈಗ ಬೆರಳಲ್ಲಿ ಹೆಣೆಯುತ್ತಿದ್ದಾಳೆ. ಒಂದು ಗೇಣು ಆಗಿದೆ. ಪಟ್ಟದ ಗೊಂಬೆಗಳನ್ನು ಡಬ್ಬಕ್ಕೆ ಹಾಕಿ ಮೇಲಿಡುವ ಮುಂಚೆ ರಾಜನಿಗೂ ಒಂದು ಮಫ್ಲರ್ ಆಗಬೇಕಂತೆ. ಅಲ್ಲಿಯವರೆಗೆ ಇಬ್ಬರೂ ಟಿವಿ ಪಕ್ಕ ನಿಂತಿರುತ್ತಾರೆ.