ಕಡುನೀಲಿಯೋ, ಕರಿನೀಲಿಯೋ? ಫೌಂಟನ್ ಪೆನ್ನಿನ ನೀಲಿಗಳಿಗೆ ಪದ ಬೇಕು

ಬ್ಲೂ-ಬ್ಲ್ಯಾಕ್ ಇಂಕಿಗೆ ಕನ್ನಡದಲ್ಲಿ ನೀವು ಏನನ್ನುತ್ತೀರಿ? ಫೌಂಟನ್ ಪೆನ್ನಿನ ನೀಲಿ ಇಂಕುಗಳನ್ನು ಹೋಲಿಸಿ ಬರೆಯುತ್ತಿದ್ದೇನೆ. 'ಕಡುನೀಲಿ' ಅನ್ನಬಹುದಲ್ವಾ ಎಂದು ಕೆಲವರು ಹೇಳಿದರು. ನನಗದು ಒಪ್ಪಿಗೆಯಾಗುತ್ತಿಲ್ಲ.

ಕಡು ಅಂದರೆ ಅದೇ ಬಣ್ಣ, ಇನ್ನಷ್ಟು ದಟ್ಟ. ಒಂದೇ ಇಂಕು ಸಣ್ಣ ನಿಬ್ಬಿನಲ್ಲಿ ತಿಳಿಯಾಗಿ, ಇಂಕನ್ನು ಧಾರಾಳವಾಗಿ ಬಿಡುವ ದಪ್ಪ ನಿಬ್ಬಿನಲ್ಲಿ ಕಡುವಾಗಿ ಕಾಣುತ್ತದೆ. ಬ್ಲೂ-ಬ್ಲ್ಯಾಕ್ ಕಥೆ ಬೇರೆ. ಅದರ ಹಳೆಯ ಬಗೆಯಲ್ಲಿ ಕಬ್ಬಿಣದ ಲವಣವೂ ಮಾಚಿಕಾಯಿಯ ಸತ್ವವೂ ಇರುತ್ತವೆ. ಇವೆರಡು ಸೇರಿದ ದ್ರಾವಣ ಬರೆಯುವಾಗ ತೀರಾ ಪೇಲವ. ಗಾಳಿ ತಾಗಿದ ಮೇಲೇ ಕಪ್ಪಾಗುವುದು. ಬರೆಯುವಾಗಲೂ ಅಕ್ಷರ ಕಾಣಲಿ ಎಂದು ನೀಲಿ ಬಣ್ಣ ಬೆರೆಸುತ್ತಾರೆ. ಹಾಗಾಗಿ ಹಸಿಯಿದ್ದಾಗ ನೀಲಿ, ಬರಬರುತ್ತಾ ಕಪ್ಪು. ಪೆಲಿಕನ್ ಕಂಪನಿಯ 4001 ಬ್ಲೂ-ಬ್ಲ್ಯಾಕ್ ಈ ಜಾತಿಯದು. ಈಗಿನ ಎಷ್ಟೋ ಬ್ಲೂ-ಬ್ಲ್ಯಾಕ್‌ಗಳಲ್ಲಿ ಕಬ್ಬಿಣವೇ ಇಲ್ಲ, ಹೆಸರು ಮಾತ್ರ ಉಳಿದಿದೆ.

ಅದಕ್ಕೇ ನನ್ನ ಒಲವು 'ಕರಿನೀಲಿ' ಕಡೆಗೆ. ನೀಲಿಗೂ ಕಪ್ಪಿಗೂ ಕನ್ನಡದಲ್ಲಿ ಹಳೆಯ ನಂಟಿದೆ. ನೀಲಿ ನೈದಿಲೆಯನ್ನು ಹಿಂದಿನವರು ಕನ್ನೈದಿಲೆ ಎಂದರು, ಅಂದರೆ ಕರಿಯ ನೈದಿಲೆ. ಎಷ್ಟು ಚೆಂದದ ಪದ!

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಿಳಿ, ನಸು, ಕಡು ಎಲ್ಲವೂ ಬಣ್ಣ ಎಷ್ಟು ದಟ್ಟ ಅನ್ನುವುದನ್ನು ಹೇಳುತ್ತವೆ. ಇಂಕು ಹೋಲಿಸುವವರಿಗೆ ಮೊದಲು ಬೇಕಾದದ್ದು ನೀಲಿ ಯಾವ ಕಡೆಗೆ ವಾಲಿದೆ ಅನ್ನುವುದು. ಪೈಲಟ್ ಕಂಪನಿಯ ಇರೋಶಿಜುಕು ಸಾಲಿನ ಎರಡು ಇಂಕು ತೆಗೆದುಕೊಳ್ಳಿ. 'ಅಸಾಗಾವೊ' ನೇರಳೆಯ ಕಡೆಗೆ ವಾಲಿದ ನೀಲಿ. 'ತ್ಸುಕಿಯೊ', ಬೆಳದಿಂಗಳ ರಾತ್ರಿ ಎಂಬ ಹೆಸರಿನದು, ಹಸಿರಿನ ಕಡೆಗೆ ವಾಲಿದ್ದು. ಒಂದೇ ಹಾಳೆಯಲ್ಲಿ, ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಬರೆದು ನೋಡಿದರೆ ಎರಡಕ್ಕೂ ಸುಮ್ನೆ 'ನೀಲಿ' ಅನ್ನಲು ಮನಸ್ಸೇ ಬಾರದು.

ಮೊದಲನೆಯದಕ್ಕೆ 'ಕೆನ್ನೀಲಿ' ಅನ್ನಬಹುದೇ? ಕೆನ್ನಾಲಿಗೆ ಇದ್ದ ಹಾಗೆ ಕೆಂಪು ಸೇರಿದ ನೀಲಿ. ಎರಡನೆಯದಕ್ಕೆ 'ಹಸಿರುನೀಲಿ' ಸಾಕು ಅನ್ನಿಸುತ್ತದೆ. 'ನವಿಲುನೀಲಿ' ಚೆಂದವೇ, ಆದರೆ ಅದನ್ನು ಟರ್ಕಾಯ್ಸ್‌ನಂಥ, ಹಸಿರು ಬೆರೆತ ತಿಳಿನೀಲಿ ಇಂಕಿಗೆ ಹೇಗೆ ಹೇಳುವುದು?

ಕೆಲವು ದಟ್ಟ ನೀಲಿಗಳಲ್ಲಿ ಕೆಂಪು ಬೇರೆ ರೀತಿಯಲ್ಲೂ ಕಾಣುತ್ತದೆ. 'ಅ' ಬರೆದು ಮುಗಿಸುವ ತುದಿಯಲ್ಲಿ ನಿಬ್ಬು ಒಂದು ಗಳಿಗೆ ನಿಂತು ಇಂಕು ಕೂಡಿಕೊಳ್ಳುತ್ತದಲ್ಲ, ಅದು ಒಣಗಿದ ಮೇಲೆ ಹಾಳೆಯನ್ನು ಓರೆ ಹಿಡಿದರೆ ಅಲ್ಲಿ ಮಾತ್ರ ಕೆಂಪು ಹೊಳೆಯುತ್ತದೆ. ನೇರ ಹಿಡಿದರೆ ಮತ್ತೆ ನೀಲಿ. ಇದು ಕೆನ್ನೀಲಿ ಖಂಡಿತ ಅಲ್ಲ. ಇದಕ್ಕೆ 'ಕೆಂಪು ಮಿರುಗು' ಎಂದು ಬರೆದುಕೊಂಡಿದ್ದೇನೆ.

ಕೆನ್ನೀಲಿ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ನೇರಳೆಯೋ, ಇಲ್ಲ ಇನ್ನೂ ನೀಲಿಯಾಗಿಯೇ ಉಳಿದ ಬಣ್ಣವೋ? ನೇರಳೆಯೇ ಎಂದಾದರೆ, ಅಸಾಗಾವೊದಂಥ ಇಂಕಿಗೆ ಬೇರೆ ಯಾವ ಪದ ಹೊಂದುತ್ತದೆ?