ಅಲಾಟ್‌ಮೆಂಟ್ ಸಂಘದ ಆಡಳಿತ: ಪಾಳು ಪ್ಲಾಟ್, ನೀರಿನ ಬಿಲ್, ಕುದುರೆ ಲದ್ದಿ

ಪ್ಲಾಟ್_17

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಅಲಾಟ್‌ಮೆಂಟ್ ಇದು, ಅಂದರೆ ಜನ ತರಕಾರಿ ಬೆಳೆಯಲು ತುಂಡು ತುಂಡಾಗಿ ಬಾಡಿಗೆಗೆ ಕೊಡುವ ಜಾಗ. ಜಾಗ ಕೌನ್ಸಿಲ್‌ನದು (ಸ್ಥಳೀಯ ಆಡಳಿತದ್ದು), ಒಟ್ಟು 42 ಪ್ಲಾಟ್. ಅಕ್ಟೋಬರ್‌ನಿಂದ ಇಡೀ ಜಾಗ ಸಂಘಕ್ಕೇ ಗುತ್ತಿಗೆ. ಬಾಡಿಗೆ ವಸೂಲಿ, ನೀರು, ಬೇಲಿ ರಿಪೇರಿ ಎಲ್ಲ ಇನ್ನು ನಮ್ಮ ತಲೆ ಮೇಲೆ, ಕಾರ್ಯದರ್ಶಿ ನಾನು. ಮೂರು ಪ್ರಶ್ನೆ:

1. ಒಂಬತ್ತು ಪ್ಲಾಟ್‌ನಲ್ಲಿ ಎದೆಮಟ್ಟ ಕಳೆ. ವೇಟಿಂಗ್ ಲಿಸ್ಟಿನಲ್ಲಿ 30 ಜನ. ಕಾನೂನಿಗೆ ಸಿಕ್ಕಿಕೊಳ್ಳದೆ ಪ್ಲಾಟ್ ಬಿಡಿಸಿಕೊಳ್ಳುವುದು ಹೇಗೆ?
2. ನೀರಿನ ಬಿಲ್ ಬಾಡಿಗೆಯ ಅರ್ಧದಷ್ಟು ಬರುತ್ತಿದೆ. ಎಲ್ಲಿ ಹಿಡಿಯಬೇಕು?
3. ಪಕ್ಕದ ಲಾಯದವರು ಟ್ರೇಲರ್‌ಗಟ್ಟಲೆ ಲದ್ದಿ ಗೊಬ್ಬರ ಪುಕ್ಕಟೆ ಕೊಡುತ್ತೇವೆ ಅಂತಿದ್ದಾರೆ. ತರಿಸಬಹುದಾ?

ಗುದ್ದಲಿ

ಮೊದಲು ಕರಾರುಪತ್ರ. ಅಕ್ಟೋಬರ್‌ಗೆ ಮುಂಚೆ ಹೊಸದು ಬರೆದು ಎಲ್ಲರ ಕೈಲೂ ಸಹಿ ಹಾಕಿಸಿ. ‘ಪ್ಲಾಟ್ ಚೆನ್ನಾಗಿಟ್ಟುಕೊಳ್ಳಬೇಕು’ ಅಂತ ಬರೆದರೆ ನಿಲ್ಲೋದಿಲ್ಲ, ಚೆನ್ನಾಗಿ ಅಂದರೆ ಎಷ್ಟು ಅನ್ನೋದರಲ್ಲೇ ಜಗಳ ಶುರುವಾಗುತ್ತದೆ. ಅಳತೆ ಹಾಕಿ: ಮೊದಲ 3 ತಿಂಗಳಲ್ಲಿ ಕಾಲು ಭಾಗ, ವರ್ಷ ತುಂಬುವಷ್ಟರಲ್ಲಿ ಮುಕ್ಕಾಲು ಭಾಗ ಸಾಗುವಳಿ. ಸಾಗುವಳಿ ಅಂದರೆ ಬೆಳೆ ಇರಬೇಕು, ಇಲ್ಲವೇ ಅಗೆದು ಹಸನು ಮಾಡಿರಬೇಕು. ಕಪ್ಪು ಪ್ಲಾಸ್ಟಿಕ್ ಹೊದಿಸಿಟ್ಟ ಜಾಗವನ್ನು ಒಂದು ಹಂಗಾಮಿಗೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

1922ರ ಅಲಾಟ್‌ಮೆಂಟ್ ಕಾಯ್ದೆಯಲ್ಲಿ ಸುಮ್ಮನೆ ಬಿಡಿಸಲು ಕನಿಷ್ಠ 12 ತಿಂಗಳ ನೋಟಿಸ್ ಬೇಕು. ಅದೂ ಏಪ್ರಿಲ್ 6ರೊಳಗೆ ಅಥವಾ ಸೆಪ್ಟೆಂಬರ್ 29ರಂದು, ಇಲ್ಲವೇ ಆಮೇಲೆ ಮುಗಿಯಬೇಕು. ಬೆಳೆ ನಿಂತಿರುವಾಗ ಯಾರನ್ನೂ ಎಬ್ಬಿಸಬಾರದು ಅಂತ. ಬಾಡಿಗೆ ಬಾಕಿಗೆ, ಕರಾರು ಮುರಿದದ್ದಕ್ಕೆ ಅಷ್ಟು ಕಾಯಬೇಕಿಲ್ಲ. ಆದರೆ ಆ ಹಕ್ಕು ನಿಮ್ಮ ಕರಾರಿನಲ್ಲೇ ಬರೆದಿರಬೇಕು, ಬಹಳ ಸಂಘಗಳು ಎಡವುವುದು ಇಲ್ಲೇ. 1908ರ ಕಾಯ್ದೆ ಕೌನ್ಸಿಲ್‌ಗೆ ಕೊಟ್ಟಿರುವ ಲೆಕ್ಕ ಮಾದರಿಯಾಗಿಟ್ಟುಕೊಳ್ಳಿ: ಬಾಡಿಗೆ 40 ದಿನ ಬಾಕಿಯಾದರೆ ಅಥವಾ ನಿಯಮ ಪಾಲಿಸದಿದ್ದರೆ ಒಂದು ತಿಂಗಳ ನೋಟಿಸ್.

ತಪಾಸಣೆ ಏಪ್ರಿಲ್, ಜೂನ್, ಆಗಸ್ಟ್. ಇಬ್ಬರು ಹೋಗಬೇಕು, ಆ ಪ್ಲಾಟಿನ ಅಕ್ಕಪಕ್ಕದವರು ಬೇಡ. ಪ್ರತಿ ಸಲವೂ ಅದೇ ಮೂಲೆಯಿಂದ ತಾರೀಖು ಬೀಳುವಂತೆ ಫೋಟೋ. ಮೊದಲ ಪತ್ರಕ್ಕೆ 28 ದಿನ ಕೊಡಿ, ‘ಕಾಯಿಲೆ, ಹೆರಿಗೆ, ಮನೆಯಲ್ಲಿ ಸಾವು ಏನಾದರೂ ಇದ್ದರೆ ತಿಳಿಸಿ’ ಅನ್ನುವ ಸಾಲು ತಪ್ಪದೇ ಇರಲಿ. ಎರಡನೇ ಪತ್ರದಲ್ಲಿ ಅರ್ಧ ಪ್ಲಾಟ್ ಬಿಟ್ಟುಕೊಡುವ ಅವಕಾಶ. ಮೂರನೆಯದು ನೋಟಿಸ್. ಪೂರ್ತಿ ಪ್ಲಾಟ್ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ಕೆಲಸಕ್ಕೆ ಹೋಗುವವರಿಗೆ ಇದು ದೊಡ್ಡದು, ಎಷ್ಟೋ ಪ್ಲಾಟ್ ಪಾಳು ಬೀಳುವುದು ಸೋಮಾರಿತನದಿಂದಲ್ಲ. ಖಾಲಿಯಾದದ್ದನ್ನು ಎರಡು ಮಾಡಿ. ಹೊಸಬರಿಗೆ ಇನ್ನೂ ಚಿಕ್ಕದು, 60 ಚದರ ಮೀಟರ್‌ನಿಂದ ಶುರು ಮಾಡಿಸಿದರೂ ಆದೀತು.

ತೊಟ್ಟಿ_ನೀರು

ನೀರಿನ ವಿಷಯ. ಮೊದಲು ಸೋರಿಕೆ ಹುಡುಕಿ. ಸಂಜೆ ಎಲ್ಲ ನಲ್ಲಿ ನಿಲ್ಲಿಸಿ, ತೊಟ್ಟಿಗಳು ತುಂಬಿ ಫ್ಲೋಟ್ ವಾಲ್ವ್ ಮುಚ್ಚಿದ ಮೇಲೆ ಮೀಟರ್ ಓದಿಕೊಳ್ಳಿ, ಬೆಳಿಗ್ಗೆ ಮತ್ತೆ ಓದಿ. ಮೀಟರ್ ಮುಖದ ಸಣ್ಣ ಚಕ್ರ ತೆವಳುತ್ತಿದ್ದರೂ ಸಾಕು, ಎಲ್ಲೋ ಹೋಗುತ್ತಿದೆ. 10 ಗಂಟೆಯಲ್ಲಿ ಅರ್ಧ ಘನ ಮೀಟರ್ ಅಂದರೆ ಗಂಟೆಗೆ 50 ಲೀಟರ್, ವರ್ಷಕ್ಕೆ 438 ಘನ ಮೀಟರ್. ಸಾಮಾನ್ಯವಾಗಿ ಅದು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಿರಿದ ಪೈಪು ಅಥವಾ ಪೂರ್ತಿ ಮುಚ್ಚದ ಫ್ಲೋಟ್ ವಾಲ್ವ್. ನವೆಂಬರ್‌ನಿಂದ ಮಾರ್ಚ್‌ವರೆಗೆ ಸ್ಟಾಪ್‌ಕಾಕ್ ಮುಚ್ಚಿ ಪೈಪಿನ ನೀರು ಬಸಿದುಬಿಡಿ.

ಹೋಸ್ ಪೈಪು ತೊಟ್ಟಿಯೊಳಗೆ ಮುಳುಗಿಸಿಡಲು ಯಾರಿಗೂ ಖಂಡಿತ ಅವಕಾಶ ಕೊಡಬೇಡಿ. ಮೇನ್ ಪೈಪಿನಲ್ಲಿ ಒತ್ತಡ ಇಳಿದಾಗ ತೊಟ್ಟಿಯ ನೀರು ಹಿಂದಕ್ಕೆ ಸೆಳೆದುಕೊಂಡು ಕುಡಿಯುವ ನೀರಿಗೆ ಸೇರುತ್ತದೆ. 1999ರ ವಾಟರ್ ಫಿಟಿಂಗ್ಸ್ ನಿಯಮಗಳು ಇದನ್ನು ತಡೆಯಲೇಬೇಕು ಅನ್ನುತ್ತವೆ. ನಲ್ಲಿಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಡಬಲ್ ಚೆಕ್ ವಾಲ್ವ್, ತೊಟ್ಟಿಗೆ ನೀರು ಬೀಳುವ ಬಾಯಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೆ.

ಆಮೇಲೆ ಮಳೆ. ಒಂದು ಚದರ ಮೀಟರ್ ಸೂರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 2×3 ಮೀಟರ್ ಶೆಡ್ಡಿಗೆ ಮಳೆನೀರಿನ ದೋಣಿ (ಗಟರ್) ಕಟ್ಟಿಸಿದರೆ 35 ಮಿ.ಮೀ. ಮಳೆಗೆ 210 ಲೀಟರ್ ಡ್ರಮ್ ತುಂಬುತ್ತದೆ. ನೀರಿನ ದುಡ್ಡನ್ನು ಬಾಡಿಗೆಯಲ್ಲಿ ಸೇರಿಸದೆ ಬೇರೆ ಸಾಲಿನಲ್ಲಿ ತೋರಿಸಿ, ಜನ ತಾವಾಗಿಯೇ ಕೈ ಬಿಗಿ ಹಿಡಿಯುತ್ತಾರೆ.

ನವಿಲುಕೋಸು

ಲದ್ದಿ ಪರೀಕ್ಷೆ ಮಾಡದೆ ಗೇಟಿನೊಳಗೆ ಬಿಡಬೇಡಿ. ಹುಲ್ಲುಗಾವಲಿನ ಡಾಕ್, ಥಿಸಲ್ ಕಳೆಗೆ ಹೊಡೆಯುವ ಅಮಿನೋಪೈರಲಿಡ್ ಅನ್ನುವ ಕಳೆನಾಶಕ ಕುದುರೆಯ ಹೊಟ್ಟೆ ಹಾದು ಬಂದರೂ ಸಾಯುವುದಿಲ್ಲ. ಗೊಬ್ಬರ ಕಪ್ಪಾಗಿ, ಘಮ್ಮಂತ ಕಳಿತಿದ್ದರೂ ವಿಷ ಹಾಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಪರೀಕ್ಷೆ ಸುಲಭ. ರಾಶಿಯ ಐದಾರು ಕಡೆಯಿಂದ ಒಂದೊಂದು ಹಿಡಿ ತೆಗೆದು ಅಷ್ಟೇ ಪ್ರಮಾಣದ ಕಂಪೋಸ್ಟ್ ಜೊತೆ ಬೆರೆಸಿ ಮೂರು ಕುಂಡಕ್ಕೆ ತುಂಬಿ. ಇನ್ನು ಮೂರಕ್ಕೆ ಬರೀ ಕಂಪೋಸ್ಟ್. ಆರಕ್ಕೂ ಬ್ರಾಡ್ ಬೀನ್ಸ್ ಹಾಕಿ, ಒಂದರ ನೀರು ಇನ್ನೊಂದಕ್ಕೆ ಹರಿಯದಂತೆ ತಟ್ಟೆ ಬೇರೆ ಬೇರೆ ಇಡಿ. ಮೊಳಕೆ ಬಂದು ನಾಲ್ಕು ವಾರ ನೋಡಿ. ವಿಷವಿದ್ದರೆ ಹೊಸ ಎಲೆ ಅಗಲವಾಗುವ ಬದಲು ದೊನ್ನೆಯಂತೆ ಒಳಕ್ಕೆ ಮುದುಡುತ್ತದೆ, ನರಗಳು ಒತ್ತೊತ್ತಾಗಿ ಸೀಳು ಸೀಳಾಗಿ ಜರೀಗಿಡದ ಎಲೆಯ ಹಾಗೆ ಕಾಣುತ್ತದೆ, ತುದಿ ತಿರುಚಿಕೊಳ್ಳುತ್ತದೆ. ಟೊಮ್ಯಾಟೊ, ಆಲೂಗಡ್ಡೆ, ಬಟಾಣಿಗೂ ಇದೇ ಗತಿ. ಮುಸುಕಿನ ಜೋಳ ಹುಲ್ಲಿನ ಜಾತಿ, ಅದರಲ್ಲಿ ಪರೀಕ್ಷೆ ಮಾಡಿದರೆ ಏನೂ ತಿಳಿಯದು. ಪ್ರತಿ ಟ್ರೇಲರ್‌ಗೂ ಬೇರೆ ಪರೀಕ್ಷೆ, ಏಕೆಂದರೆ ಲಾಯದವರು ಹುಲ್ಲು ಎಲ್ಲೆಲ್ಲಿಂದಲೋ ಕೊಳ್ಳುತ್ತಾರೆ.

ಇನ್ನೊಂದು, ಕ್ಲಬ್‌ರೂಟ್ ಅನ್ನುವ ಬೇರಿನ ರೋಗ. ನವಿಲುಕೋಸು, ಹೂಕೋಸು, ಮೂಲಂಗಿ, ಸಾಸಿವೆ ಸೊಪ್ಪು ಎಲ್ಲ ಒಂದೇ ಕುಲ, ಇದು ತಗುಲಿದರೆ ಬೇರು ಗಂಟು ಗಂಟಾಗಿ ಊದುತ್ತದೆ. ಮಣ್ಣಲ್ಲಿ 20 ವರ್ಷ ಉಳಿಯಬಲ್ಲದು, ಬೂಟಿನ ಮಣ್ಣಲ್ಲಿ ಪ್ಲಾಟಿಂದ ಪ್ಲಾಟಿಗೆ ಹೋಗುತ್ತದೆ. ಸಂಘದ ಗುದ್ದಲಿ, ರೋಟವೇಟರ್ ಎರವಲು ಕೊಡುವಾಗ ತೊಳೆದು ವಾಪಸು ಕೊಡಬೇಕು ಅನ್ನುವ ನಿಯಮ ಹಾಕಿ. ಸುಣ್ಣ ಕೊಟ್ಟು ಪಿಎಚ್ 7ರ ಮೇಲೆ ಇಟ್ಟರೆ ಹತೋಟಿಯಲ್ಲಿರುತ್ತದೆ.

ಪ್ಲಾಟ್_17

ತುಂಬಾ ಉಪಕಾರ. ಒಂದು ಟ್ರೇಲರ್ ಆಗಲೇ ಒಬ್ಬರ ಪ್ಲಾಟಿಗೆ ಹರಡಿಯಾಗಿದೆ, ಬೀನ್ಸ್ ಮುದುಡಿದೆ. ಏನು ಮಾಡಿಸಲಿ? ಜೊತೆಗೆ ನಮ್ಮವರು ನಾಲ್ಕು ಮನೆಯವರು ಅವರೆಕಾಯಿಗೆ ಪಾಲಿಟನಲ್ (ಪ್ಲಾಸ್ಟಿಕ್ ಹೊದಿಸಿದ ಸುರಂಗದಂಥ ಹಸಿರುಮನೆ) ಕೇಳುತ್ತಿದ್ದಾರೆ.

ನವಿಲುಕೋಸು

ಆ ಮಣ್ಣನ್ನು ರಾಶಿ ಹಾಕಬೇಡಿ, ಕಂಪೋಸ್ಟಿಗೆ ಸೇರಿಸಬೇಡಿ. ಈ ಬೇಸಿಗೆಯಲ್ಲಿ ಎರಡು ಮೂರು ಸಲ ಅಗೆದು ತಿರುವಿಸಿ, ಮಣ್ಣಿನ ಸೂಕ್ಷ್ಮಜೀವಿಗಳೇ ಅದನ್ನು ಮುರಿಯಬೇಕು. ಮುಂದಿನ ವಸಂತದಲ್ಲಿ ಅದೇ ಮಣ್ಣಲ್ಲಿ ಬೀನ್ಸ್ ಕುಂಡ ಇಟ್ಟು ನೋಡಿ. ಅಲ್ಲಿವರೆಗೆ ಮುಸುಕಿನ ಜೋಳ ಬೆಳೆಯಲಿ.

ಅವರೆಗೆ ಟನಲ್ ಒಂದೇ ಸಾಲದು. ಊರಿನ ತಳಿಗಳು ಹಗಲು ಗಿಡ್ಡವಾದರೆ ಮಾತ್ರ ಹೂ ಬಿಡುತ್ತವೆ, ಇಲ್ಲಿ ಜೂನ್ ಹಗಲು 16 ಗಂಟೆ ಮೀರುತ್ತದೆ. ಬರೀ ಬಳ್ಳಿ ಹಬ್ಬಿ, ಹೂ ಬರುವ ಹೊತ್ತಿಗೆ ಚಳಿ ಬಡಿಯುತ್ತದೆ. ಹಗಲಿನ ಉದ್ದ ಲೆಕ್ಕಿಸದ ಹೆಬ್ಬಾಳ ಅವರೆ-3, ಅರ್ಕ ಜಯ್ ಥರದ ತಳಿ ಬೇಕು. ಬೀಜ ಜೇಬಲ್ಲಿ ತರುವಂತಿಲ್ಲ, ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ಬೀಜದಲ್ಲಿ ರೋಗ, ಕೀಟ ಇಲ್ಲವೆಂಬ ಪ್ರಮಾಣಪತ್ರ) ಬೇಕಾಗುತ್ತದೆ.

ಗುದ್ದಲಿ

ಟನಲ್ ಅನುಮತಿ ಕೊಡುವ ಮುಂಚೆ ಗುತ್ತಿಗೆಪತ್ರದಲ್ಲಿ ಕಟ್ಟಡಗಳ ಬಗ್ಗೆ ಏನಿದೆ ಓದಿ. ಅಳತೆಯ ಮಿತಿ, ಪಕ್ಕದ ಪ್ಲಾಟಿಗೆ ನೆರಳು ಬೀಳದ ಜಾಗ, ಬಿಟ್ಟು ಹೋಗುವಾಗ ಕಿತ್ತುಕೊಂಡು ಹೋಗುವ ಜವಾಬ್ದಾರಿ, ಇವು ಮೂರೂ ಬರಹದಲ್ಲಿರಲಿ.